ಗರಸು ನೆಲದಾಗ ನಮ್ಮ ಹಿತ್ತಲ

ನಮ್ಮದು ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರ ಎಂದು ನಿಮಗೆಲ್ಲ ಗೊತ್ತೇ ಇದೆ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಹಳೆ ಊರು ಮುಳುಗಿದಾಗ ನಮ್ಮಪ್ಪ ನನ್ನಷ್ಟೇ ಇದ್ದನಂತೆ. ಅಲ್ಲಿ ಹಿತ್ತಲು ಕೃಷ್ಣಾ ದಂಡೆಯ ಎರೆ ಮಣ್ಣು. "ಬೀಜ ಒಗದ್ರ ಸಾಕಿತ್ತವ್ವ, ತಾನ ಬರತಿತ್ತು" ಎಂದು ನಮ್ಮ ಆಯಿ ಈಗಲೂ ಹೇಳುತ್ತಾಳೆ. ಇಲ್ಲಿ ಬರೀ ಮಡ್ಡಿ. ಗುದ್ದಲಿ ಹಾಕಿದರೆ ಖಣ್ ಅಂತ ಗರಸು ಏಳುತ್ತದೆ. ಆದರೂ ನಮ್ಮ ಹಿತ್ತಲಲ್ಲಿ ಬದನಿ, ಚವಳಿ, ಹೀರಿ, ಮೆಂತೆ, ರಾಜಗಿರಿ ಬರುತ್ತವೆ. ಅದು ಹೇಗೆಂದು ಬರೆಯುತ್ತೇನೆ.

ಪೂರ್ತಿ ನೆಲ ಅಗೆಯಲು ಹೋಗಬಾರದು, ಕೈ ಬೊಬ್ಬೆ ಬರುತ್ತವೆ ಅಷ್ಟೇ. ಕುಣಿ ತೆಗೆಯಬೇಕು. ಒಂದು ಮೊಳ ಅಗಲ, ಒಂದು ಮೊಳ ಆಳ. ಗರಸು ಹೊರಗೆ ಹಾಕಿ ಹಳ್ಳದ ಮಣ್ಣು ಒಂದು ಬುಟ್ಟಿ, ಆಡಿನ ಗೊಬ್ಬರ ಒಂದು ಬುಟ್ಟಿ, ಒಲೆಯ ಬೂದಿ ಒಂದು ಹಿಡಿ ಕಲಸಿ ತುಂಬಬೇಕು. ಒಂದು ಕುಣಿಗೆ ಒಂದೇ ಗಿಡ. ಮಿರಗದ ಮಳೆಗೆ ಹೀರಿ ಬೀಜ ಊರಿದರೆ ಬಳ್ಳಿ ಹಂದರ ಏರುತ್ತದೆ. ಮೆಂತೆಗೆ ಕುಣಿ ಬೇಡ. ಗೇಣುದ್ದ ಮಡಿ ಮಾಡಿ ನಾಲ್ಕು ಬೆರಳು ಮಣ್ಣು ಹರಡಿದರೆ ಒಂದು ತಿಂಗಳಿಗೆ ಕೀಳಬಹುದು.

ಆಡಿನ ಹಿಕ್ಕಿಯನ್ನು ಹಾಗೇ ಹಾಕಬಾರದು. ಕಸಕಡ್ಡಿ ಸೇರಿಸಿ, ನೀರು ಚಿಮುಕಿಸಿ, ಮೂರು-ನಾಲ್ಕು ತಿಂಗಳು ತಿಪ್ಪಿಯಲ್ಲಿ ಕೊಳೆಸಬೇಕು. ಕೋಳಿ ಗೊಬ್ಬರ ಅದಕ್ಕಿಂತ ಖಾರ. ನಾನು ಒಮ್ಮೆ ಜಾಣತನ ಮಾಡಿ ಹಸಿಯದನ್ನೇ ಮೆಣಸಿನ ಸಸಿಗೆ ಹಾಕಿದೆ. ಎರಡು ದಿನದಲ್ಲಿ ಎಲೆ ಸುಟ್ಟುಹೋದವು. ಅದರಲ್ಲಿ ಸಾರಜನಕ ಬಹಳ ಇರುತ್ತದೆ ಎಂದು ವಿಜ್ಞಾನದ ಸರ್ ಹೇಳಿದರು.

ಹೀಗೆ ನಮ್ಮ ಹಿತ್ತಲ ಮಣ್ಣು ಆಗಿದ್ದು ಎರಡು ಆಡು ಮತ್ತು ಕೋಳಿಗಳಿಂದ. ಹಣ್ಣಾದ ಎಲೆ, ಚವಳಿ ಸಿಪ್ಪೆ ಆಡಿಗೆ. ಆದರೆ ಜೋಳ ಕೊಯ್ದ ಮೇಲೆ ಕೂಳೆಯಿಂದ ಬರುವ ಎಳೆ ಚಿಗುರನ್ನು ಮಾತ್ರ ಅದಕ್ಕೆ ತಿನ್ನಿಸಬೇಡಿರಿ, ಅದು ವಿಷ. ಕೋಳಿ ಹುಳ ಹೆಕ್ಕಿ ತಿನ್ನುತ್ತದೆ, ಸರಿ, ಆದರೆ ಮೆಂತೆ ಮಡಿಯನ್ನೂ ಕೆದರುತ್ತದೆ. ಅದಕ್ಕೆ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಹತ್ತಿರ ಹರಿದ ಬಲೆ ಕೇಳಿ ತಂದು ಮಡಿಯ ಸುತ್ತ ಕಟ್ಟಿದೆವು. ಗಿಡ ದೊಡ್ಡವಾದ ಮೇಲೆ ಬಲೆ ಎತ್ತಿ ಕೋಳಿ ಬಿಡುತ್ತೇವೆ.

ಕೋಳಿಯನ್ನು ಕಾವಿಗೆ ಕೂಡಿಸಿದರೆ 21 ದಿನಕ್ಕೆ ಮರಿ ಒಡೆಯುತ್ತದೆ. ಏಳು-ಎಂಟು ದಿನ ಆದ ಮೇಲೆ ರಾತ್ರಿ ತತ್ತಿಯ ಹಿಂದೆ ಬ್ಯಾಟರಿ ಹಿಡಿದು ನೋಡಿರಿ. ಒಳಗೆ ಕೆಂಪು ಎಳೆಗಳು ಕಂಡರೆ ಮರಿ ಇದೆ. ಏನೂ ಕಾಣದಿದ್ದರೆ ತೆಗೆದುಬಿಡಿ.

ಹೋದ ವರ್ಷ ನಮ್ಮಲ್ಲಿ ಹನ್ನೊಂದು ಕೋಳಿ ಇದ್ದವು. ಒಂದು ಮುಂಜಾನೆ ಎರಡು ಕೋಳಿ ಕುತ್ತಿಗೆ ತಿರುಚಿಕೊಂಡು ನಿಂತಿದ್ದವು, ಹಸಿರು ಹಿಕ್ಕಿ ಹಾಕುತ್ತಿದ್ದವು. ವಾರದೊಳಗೆ ಒಂಬತ್ತು ಸತ್ತವು. ನಾವು ತಿಳಿಯದೆ ಮೊದಲ ಎರಡನ್ನು ತಿಪ್ಪಿಗೆ ಒಗೆದೆವು. ನಾಯಿ ಎಳೆದುಕೊಂಡು ಓಣಿ ತುಂಬ ಹರಡಿತು, ಬಾಜೂ ಮನೆಯವರ ಕೋಳಿಯೂ ಹೋದವು. ಅವರು ಬಹಳ ದಿನ ನಮ್ಮ ಜೊತೆ ಮಾತಾಡಲಿಲ್ಲ. ತತ್ತಿ ಮಾರಿದ ರೊಕ್ಕದಲ್ಲಿ ಅವ್ವ ನನಗೆ ನೋಟುಬುಕ್ಕು ಕೊಡಿಸುತ್ತಿದ್ದಳು, ಆ ವರ್ಷ ಅಪ್ಪನ ಹತ್ತಿರ ಕೇಳಬೇಕಾಯಿತು. ಹಿತ್ತಲಲ್ಲಿ ಹುಳವೂ ಹೆಚ್ಚಾದವು.

ಇದಕ್ಕೆ ಕೊಕ್ಕರೆ ರೋಗ ಎನ್ನುತ್ತಾರೆ. ಬಂದ ಮೇಲೆ ಔಷಧ ಇಲ್ಲ, ಬರುವ ಮೊದಲೇ ಲಸಿಕೆ ಹಾಕಿಸಬೇಕು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡು ತಿಂಗಳಾದ ಮೇಲೆ ಸೂಜಿ. ಸತ್ತ ಕೋಳಿಯನ್ನು ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹುಗಿಯಬೇಕು.

ಹಾಗಾದರೆ ಎಲ್ಲರೂ ಯಾಕೆ ಹಾಕಿಸುವುದಿಲ್ಲ? ದನದ ದವಾಖಾನೆಯಲ್ಲಿ ಕೇಳಿದೆ. ಒಂದು ಸೀಸೆ ಒಡೆದರೆ ನೂರು ಕೋಳಿಗೆ ಆಗುತ್ತದೆ, ಒಡೆದ ಮೇಲೆ ಬಹಳ ಹೊತ್ತು ಇಡಲು ಬರುವುದಿಲ್ಲ. ಒಂದು ಮನೆಯ ಐದಾರು ಕೋಳಿಗೆ ಯಾರು ಒಡೆಯುತ್ತಾರೆ? ನಮ್ಮ ಓಣಿಯಲ್ಲಿ ಎಣಿಸಿದೆ: ದೊಡ್ಡವು 41, ಮರಿ 17. ಬಾಜೂ ಮನೆಯವರೂ ಲೆಕ್ಕ ಕೊಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಎಷ್ಟಿವೆ ಎಂದು ಈ ಹಾಳೆಯ ಕೆಳಗೆ ಪೆನ್ಸಿಲ್‌ನಿಂದ ಬರೆಯಿರಿ. ದೊಡ್ಡವು ಬೇರೆ, ಮರಿ ಬೇರೆ.