ನಾಡಿಯ ಅಲೆ

ಮಣಿಕಟ್ಟಿನ ಮೇಲೆ ಬೆರಳಿಟ್ಟಾಗ ಅರಿವಿಗೆ ಬರುವ ಮಿಡಿತವು ರಕ್ತದ ಓಟವಲ್ಲ; ಧಮನಿಯ ಗೋಡೆಯಗುಂಟ ಸಾಗುವ ಒತ್ತಡದ ಅಲೆ. ರಕ್ತವಾದರೋ ಇದಕ್ಕಿಂತ ಬಹು ನಿಧಾನವಾಗಿ ಹರಿಯುತ್ತದೆ.

ಹೃದಯವು ಸಂಕುಚಿಸಿದೊಡನೆ ಮಹಾಧಮನಿಯು ಹಿಗ್ಗಿ ರಕ್ತಕ್ಕೆ ಎಡೆಗೊಡುತ್ತದೆ; ಹೃದಯವು ವಿರಮಿಸುವಾಗ ಕುಗ್ಗಿ ಅದನ್ನು ಮುಂದಕ್ಕೆ ನೂಕುತ್ತದೆ. ಗೋಡೆಯಲ್ಲಿರುವ ಇಲಾಸ್ಟಿನ್ ಎಂಬ ನಾರುಗಳೇ ಈ ಗುಣಕ್ಕೆ ಕಾರಣ. ವಯಸ್ಸಾದಂತೆ ಇವು ಸವೆದು ತುಂಡಾಗುತ್ತವೆ, ಗೋಡೆ ಪೆಡಸಾಗುತ್ತದೆ. ಪೆಡಸಾದ ನಾಳದಲ್ಲಿ ಅಲೆಯ ವೇಗ ಹೆಚ್ಚು. ಕೊರಳು ಮತ್ತು ತೊಡೆಸಂದುಗಳಲ್ಲಿ ಮಿಡಿತವನ್ನು ಗುರುತಿಸಿ, ನಡುವಣ ದೂರವನ್ನು ಅಲೆಗೆ ಹಿಡಿದ ಕಾಲದಿಂದ ಭಾಗಿಸಿದರೆ ಈ ವೇಗ ತಿಳಿಯುತ್ತದೆ. ಅದು ಸೆಕೆಂಡಿಗೆ 10 ಮೀಟರನ್ನು ಮೀರಿದರೆ ವೈದ್ಯರು ಅಪಾಯದ ಸೂಚನೆಯೆಂದು ಎಣಿಸುತ್ತಾರೆ.

ಅಧಿಕ ರಕ್ತದೊತ್ತಡವು ಬಹುಮಟ್ಟಿಗೆ ನೋವಿಲ್ಲದೆ, ಸದ್ದಿಲ್ಲದೆ ಬರುವ ಕಾಯಿಲೆ. ಆ ಒತ್ತಡದಿಂದಲೇ ಧಮನಿಯು ಪೆಡಸಾಗುವುದೆಂದು ಬಹುಕಾಲ ಭಾವಿಸಲಾಗಿತ್ತು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಆರಂಭವಾದ ಹೃದಯ ಅಧ್ಯಯನದ ಎರಡನೆಯ ತಲೆಮಾರಿನವರನ್ನು ಸುಮಾರು 7 ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶವು ಬೇರೆಯೇ ಆಗಿತ್ತು. ಧಮನಿ ಮೊದಲೇ ಪೆಡಸಾಗಿದ್ದವರಲ್ಲಿ ಮುಂದೆ ರಕ್ತದೊತ್ತಡವು ಹೆಚ್ಚಾಗಿ ಕಾಣಿಸಿಕೊಂಡಿತು; ಆದರೆ ಆರಂಭದ ಒತ್ತಡವನ್ನು ನೋಡಿ ಮುಂದಿನ ಪೆಡಸುತನವನ್ನು ಊಹಿಸಲು ಸಾಧ್ಯವಾಗಲಿಲ್ಲ.