ನೇರ ವಿಮಾನ ನೋಡಿ ಊರು ಆರಿಸುವುದು: ಚಿತ್ರದುರ್ಗ ಜಿಲ್ಲೆಯ ಕುಟುಂಬಗಳಿಗೆ ಒಂದಿಷ್ಟು ಮಾಹಿತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಜೈನ ಕುಟುಂಬಗಳಲ್ಲಿ ರಜೆಯ ಪ್ರವಾಸ ಎಂದರೆ ಹೆಚ್ಚಾಗಿ ರಾಜಸ್ಥಾನ, ಗುಜರಾತ್, ಇಲ್ಲವೇ ಸಮ್ಮೇದ ಶಿಖರ್ಜಿ. ಮೊದಲೆಲ್ಲ ಇದಕ್ಕೆ ರೈಲೇ ಗತಿಯಾಗಿತ್ತು. ದಾವಣಗೆರೆ ಮೇಲೆ ಹೋಗುವ ಮೈಸೂರು-ಅಜ್ಮೀರ್ ರೈಲಿನಲ್ಲಿ ಹೋಗಲು ಸುಮಾರು ಎರಡು ದಿನ, ಬರಲು ಎರಡು ದಿನ. ಅಂಗಡಿಗೆ ಅಷ್ಟು ದಿನ ಬೀಗ ಹಾಕಲು ಮನಸ್ಸು ಬರುವುದಿಲ್ಲ. ಎಪ್ಪತ್ತು ದಾಟಿದವರಿಗೆ ಅಷ್ಟು ದೂರ ರೈಲಿನಲ್ಲಿ ಕೂರಲು ಆಗುವುದಿಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತಲೇ ಎಷ್ಟೋ ಮನೆಗಳಲ್ಲಿ ಹಿರಿಯರ ಯಾತ್ರೆ ಹಾಗೆಯೇ ಉಳಿದುಹೋಗಿದೆ.

ವಿಮಾನ ಈಗ ಈ ತೊಂದರೆಯನ್ನು ಬಹಳ ಮಟ್ಟಿಗೆ ನಿವಾರಿಸಿದೆ. ಆದರೆ ಹೆಚ್ಚಿನವರು ಮೊದಲು ಊರು ನಿಶ್ಚಯ ಮಾಡಿ ಆಮೇಲೆ ಟಿಕೆಟ್ ಹುಡುಕುತ್ತಾರೆ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಇದನ್ನು ತಿರುವು ಹಾಕುವುದು ಲೇಸು. ಯಾವ ಊರಿಗೆ ನೇರ ವಿಮಾನ ಇದೆ, ಎಷ್ಟು ಹೊತ್ತಿಗೆ ಇಳಿಸುತ್ತದೆ, ಇಳಿದ ಮೇಲೆ ರಸ್ತೆ ಎಷ್ಟು ಎಂದು ನೋಡಿ, ಆಮೇಲೆ ಈ ಸಲ ಎಲ್ಲಿಗೆ ಎಂದು ತೀರ್ಮಾನಿಸುವುದು.

ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಹಿರಿಯೂರಿನವರಿಗೆ ಬೆಂಗಳೂರೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಚಿತ್ರದುರ್ಗದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 200 ಕಿ.ಮೀ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ನೆಲಮಂಗಲ, ಹೆಬ್ಬಾಳದ ಗಾಡಿ ಸಾಲು ತಪ್ಪುತ್ತದೆ. ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ಹೊಳಲ್ಕೆರೆ, ಹೊಸದುರ್ಗದವರಿಗೆ ಶಿವಮೊಗ್ಗ ಹತ್ತಿರ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ಆಗಸ್ಟ್ 31ರಿಂದ ಬೆಂಗಳೂರಿಗೂ, ನವೆಂಬರ್‌ನಲ್ಲಿ ಹೈದರಾಬಾದ್, ತಿರುಪತಿ, ಗೋವಾಕ್ಕೂ ವಿಮಾನ ಶುರುವಾಯಿತು. (ಗೋವಾಕ್ಕೆ ಇಲ್ಲಿಂದ ಕಾರಿನಲ್ಲೇ ಹೋಗಬಹುದು, ಅದು ಬೇರೆ ಮಾತು.) ಶಿವಮೊಗ್ಗದಿಂದ ಹತ್ತಿ ಮುಂದೆ ಇನ್ನೊಂದು ವಿಮಾನ ಹಿಡಿಯುವುದಾದರೆ ಎರಡೂ ಒಂದೇ ಟಿಕೆಟ್‌ನಲ್ಲಿ ಇರಬೇಕು. ಬೇರೆ ಬೇರೆ ಟಿಕೆಟ್ ಮಾಡಿಸಿ ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ಹೋದಂತೆಯೇ.

ದರದ ವಿಷಯ ವ್ಯಾಪಾರಸ್ಥರಿಗೆ ಹೇಳಿಕೊಡಬೇಕಿಲ್ಲ. ಆದರೂ ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಆರು ಜನರ ಕುಟುಂಬಕ್ಕೆ ಬದಲಿ ವಿಮಾನದ ಟಿಕೆಟ್ ತಲೆಗೆ 800 ರೂಪಾಯಿ ಕಡಿಮೆ ಎಂದುಕೊಳ್ಳಿ. ಉಳಿದದ್ದು 4,800. ಅದು ರಾತ್ರಿ 11ಕ್ಕೆ ಇಳಿಸಿದರೆ ಎರಡು ರೂಮು, ರಾತ್ರಿ ಬಾಡಿಗೆಯ ಟ್ಯಾಕ್ಸಿ ಎಂದು ಆ ದುಡ್ಡು ಅಲ್ಲೇ ಮುಗಿಯಿತು, ಮರುದಿನದ ಬೆಳಗೂ ಹೋಯಿತು. ಇನ್ನೊಂದು ವಿಷಯ: ‘ಡೈರೆಕ್ಟ್’ ಎಂದು ಬರೆದ ವಿಮಾನ ನಡುವೆ ಒಂದು ಊರಿನಲ್ಲಿ ಇಳಿದು ಹೋಗಬಹುದು. ‘ನಾನ್‌ಸ್ಟಾಪ್’ ಎಂದಿದ್ದರೆ ಮಾತ್ರ ಎಲ್ಲೂ ನಿಲ್ಲುವುದಿಲ್ಲ.

ಚೌವಿಹಾರ ಪಾಲಿಸುವವರಿಗೆ ದರಕ್ಕಿಂತ ಹೊತ್ತು ಮುಖ್ಯ. ಬೆಳಗ್ಗೆ 6ರ ವಿಮಾನ ಅಗ್ಗ ಸಿಗಬಹುದು, ಆದರೆ ಚಿತ್ರದುರ್ಗದಿಂದ ನಡುರಾತ್ರಿಯೇ ಹೊರಡಬೇಕು. ಸಂಜೆ 4ರ ವಿಮಾನದಲ್ಲಿ ಊಟ ತಪ್ಪುತ್ತದೆ. 9ರಿಂದ 11ರ ಒಳಗೆ ಹೊರಡುವುದು ಎಲ್ಲಕ್ಕಿಂತ ಅನುಕೂಲ. ನವಕಾರಸಿ ಮುಗಿಸಿ ಹತ್ತಬಹುದು, ಧರ್ಮಶಾಲೆಯ ಭೋಜನಶಾಲೆ ಮುಚ್ಚುವ ಮೊದಲೇ ತಲುಪಬಹುದು. ಸೂರ್ಯಾಸ್ತವೂ ಎಲ್ಲ ಕಡೆ ಒಂದೇ ಅಲ್ಲ. ಡಿಸೆಂಬರ್‌ನಲ್ಲಿ ರಾಂಚಿ ಕಡೆ ಸಂಜೆ 5 ದಾಟುತ್ತಿದ್ದಂತೆಯೇ ಹೊತ್ತು ಮುಳುಗುತ್ತದೆ. ಮೇ ತಿಂಗಳಲ್ಲಿ ಉದಯಪುರದಲ್ಲಿ 7 ಆದರೂ ಬೆಳಕಿರುತ್ತದೆ.

ಈ ಲೆಕ್ಕದಲ್ಲಿ ಬೆಂಗಳೂರಿನಿಂದ ಎಲ್ಲಕ್ಕಿಂತ ಸಲೀಸಾದ ಊರು ಉದಯಪುರ. ಅಲ್ಲಿಂದ ರಾಣಕಪುರ ಸುಮಾರು 90 ಕಿ.ಮೀ., ಕೇಸರಿಯಾಜಿ ಸುಮಾರು 65, ದೇಲವಾಡಾ ಇರುವ ಮೌಂಟ್ ಅಬು ಸುಮಾರು 165. ಮಕ್ಕಳಿಗೆ ಕೆರೆ, ಅರಮನೆ, ಹಿರಿಯರಿಗೆ ದರ್ಶನ, ನಾಲ್ಕು ದಿನದಲ್ಲಿ ಎಲ್ಲ ಮುಗಿಯುತ್ತದೆ. ನಾಕೋಡಾಕ್ಕೆ ಹೋಗುವವರು ಜೋಧಪುರದಲ್ಲಿ ಇಳಿಯುವುದು ಸರಿ.

ಪಾಲಿತಾಣಾಕ್ಕೆ ಹತ್ತಿರದ ನಿಲ್ದಾಣ ಭಾವನಗರವಾದರೂ ಅಲ್ಲಿಗೆ ವಿಮಾನಗಳೇ ಕಡಿಮೆ. ಬೆಂಗಳೂರಿನಿಂದ ದಿನಕ್ಕೆ ಹಲವು ವಿಮಾನ ಇರುವ ಅಹಮದಾಬಾದ್‌ಗೆ ಹೋಗಿ ರಸ್ತೆಯಲ್ಲಿ ನಾಲ್ಕೈದು ಗಂಟೆ ಕೂರುವುದೇ ವಾಸಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಚಾತುರ್ಮಾಸದಲ್ಲಿ ಶತ್ರುಂಜಯ ಗಿರಿರಾಜನ ಯಾತ್ರೆ ಇರುವುದಿಲ್ಲ, ಕಾರ್ತಿಕ ಪೂರ್ಣಿಮೆಗೆ ಮತ್ತೆ ಶುರುವಾಗುತ್ತದೆ. ಮಕ್ಕಳ ದಸರಾ ರಜೆ ಬರುವುದು ಸರಿಯಾಗಿ ಆ ನಾಲ್ಕು ತಿಂಗಳ ಒಳಗೇ. ಅಗ್ಗದ ಟಿಕೆಟ್ ಸಿಕ್ಕಿತೆಂದು ದಸರಾಕ್ಕೆ ಪಾಲಿತಾಣಾ ಮಾಡಿಸಿದರೆ ತಳೇಟಿಯಿಂದಲೇ ಕೈಮುಗಿದು ಬರಬೇಕಾದೀತು. ದಸರಾಕ್ಕೆ ಉದಯಪುರ ಇಟ್ಟುಕೊಂಡು, ಪಾಲಿತಾಣಾವನ್ನು ಕಾರ್ತಿಕ ಪೂರ್ಣಿಮೆ ಕಳೆದ ಮೇಲೆ ನೋಡುವುದು ಒಳ್ಳೆಯದು. ಮೆಟ್ಟಿಲು ಹತ್ತಲಾಗದವರಿಗೆ ಗಿರನಾರ್ ಸ್ವಲ್ಪ ಸುಲಭ. 2020ರ ಅಕ್ಟೋಬರ್‌ನಿಂದ ಅಲ್ಲಿ ಅಂಬಾಜಿ ಗುಡಿಯವರೆಗೆ ರೋಪ್‌ವೇ ಇದೆ.

ಶಿಖರ್ಜಿಗೆ ರಾಂಚಿವರೆಗೆ ವಿಮಾನ, ಅಲ್ಲಿಂದ ಮಧುಬನಕ್ಕೆ ಗಾಡಿಯಲ್ಲಿ ನಾಲ್ಕೈದು ಗಂಟೆ. ಬೆಟ್ಟ ಹತ್ತಲು 9, ಮೇಲಿನ ಟೋಂಕ್‌ಗಳ ವಂದನೆಗೆ 9, ಇಳಿಯಲು 9, ಒಟ್ಟು 27 ಕಿ.ಮೀ. ನಸುಕಿಗೆ ಮೊದಲೇ ಹೊರಟವರು ಇಳಿಯುವಾಗ ಮಧ್ಯಾಹ್ನ ದಾಟಿರುತ್ತದೆ. ಡೋಲಿ ಸಿಗುತ್ತದೆ, ಆದರೂ ಹಿರಿಯರಿಗೆ ಅದು ದಣಿವಿನ ದಿನವೇ. ಆದ್ದರಿಂದ ವಂದನೆಯ ದಿನವೇ ವಾಪಸ್ ಟಿಕೆಟ್ ಇಡಲೇಬಾರದು. ಮಧುಬನದಲ್ಲಿ ಕನಿಷ್ಠ ಎರಡು ರಾತ್ರಿ ಬೇಕು. ಪಾವಾಪುರಿ, ರಾಜಗೀರ್ ಸೇರಿಸಿಕೊಂಡು ಪಾಟ್ನಾದಿಂದ ವಾಪಸಾಗುವವರು ಡಿಸೆಂಬರ್ ಕೊನೆ, ಜನವರಿ ಬಿಟ್ಟು ಫೆಬ್ರವರಿಯಲ್ಲಿ ಹೋಗಲಿ. ಮಂಜಿನಿಂದ ಆ ಕಡೆಯ ವಿಮಾನಗಳು ಗಂಟೆಗಟ್ಟಲೆ ನಿಲ್ಲುತ್ತವೆ.

ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ, ಹೀಗೆ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ಹೋದ ವರ್ಷ ಇದ್ದ ನೇರ ವಿಮಾನ ಈ ವರ್ಷವೂ ಇದೆ ಎಂದು ನಂಬಿ ಧರ್ಮಶಾಲೆಗೆ ಮೊದಲೇ ಹಣ ಕಟ್ಟಬಾರದು.

ಟಿಕೆಟ್ ಮಾಡಿಸುವಾಗ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಲಿ. ಒಂದು ಕಾರ್ಡಿನಲ್ಲಿ ‘ಜೈನ್’, ಇನ್ನೊಂದರಲ್ಲಿ ಗೋತ್ರದ ಹೆಸರು ಇರುವುದು ಸಮಾಜದಲ್ಲಿ ಸಾಮಾನ್ಯ, ಬಾಗಿಲಲ್ಲಿ ತಕರಾರು ಬರುವುದು ಅಲ್ಲೇ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ, ಯಾವುದೆಂದು ಟಿಕೆಟ್‌ನಲ್ಲೇ ನೋಡಿಕೊಳ್ಳಬೇಕು. ಖಾಖ್ರಾ, ಥೇಪ್ಲಾ ಕೈಚೀಲದಲ್ಲಿ ಒಯ್ಯಲು ಅಡ್ಡಿಯಿಲ್ಲ. ಹೊಸದುರ್ಗ, ಹಿರಿಯೂರಿನವರು ನೆಂಟರಿಗೆಂದು ಊರಿನ ಕೊಬ್ಬರಿ ಕಟ್ಟಿಕೊಳ್ಳುವುದುಂಟು. ಒಣ ಕೊಬ್ಬರಿ ಬೇಗ ಬೆಂಕಿ ಹತ್ತುವ ವಸ್ತುವೆಂದು ಕೈಚೀಲದಲ್ಲೂ, ದೊಡ್ಡ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ಅದನ್ನು ಮೊದಲೇ ಪಾರ್ಸೆಲ್ ಆಫೀಸಿನಲ್ಲಿ ಹಾಕಿ ಕಳಿಸುವುದು.