ಹೊಳೆವ ಮನೆಯ ಕಾಣದ ಇರುಸು

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪ್ರವಾಸಿ ಮನೆಗಳಲ್ಲಿ ಅಮೆರಿಕದ 'ಏರ್‌ಸ್ಟ್ರೀಮ್' ಹೆಸರುವಾಸಿ. ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್‌ನಿಂದ ಬೆಸೆದ ಅದರ 'ಕ್ಲಿಪ್ಪರ್' ಮಾದರಿ ಬಂದದ್ದು 1936ರಲ್ಲಿ. ಅದರ ಜನಕ ವಾಲಿ ಬಯಾಮ್ 1959-60ರಲ್ಲಿ ಇಂಥ ಮನೆಗಳ ಸಾಲನ್ನೇ ಕೇಪ್‌ಟೌನ್‌ನಿಂದ ಕೈರೋವರೆಗೆ ನಡೆಸಿದರು. ದಶಕಗಳಷ್ಟು ಹಳೆಯ ಈ ಗಾಡಿಗಳನ್ನು ಜನ ಇಂದಿಗೂ ತಿಕ್ಕಿ ಬೆಳಗಿ ರಸ್ತೆಗಿಳಿಸುತ್ತಾರೆ. ಆದರೆ ಅವುಗಳ ಆಯುಸ್ಸನ್ನು ನಿರ್ಧರಿಸುವುದು ಹೊಳಪಲ್ಲ. ಅಡಿಯಲ್ಲಿ ಗಾಲಿಗಳನ್ನು ಹೊತ್ತ ಇರುಸು, ಅಂದರೆ ಆಕ್ಸಲ್.

1960ರ ದಶಕದ ಆರಂಭದಲ್ಲಿ ಕಂಪನಿ ಪಟ್ಟಿ ಸ್ಪ್ರಿಂಗ್ ಬಿಟ್ಟು ರಬ್ಬರ್ ಇರುಸಿಗೆ ಹೊರಳಿತು. ಉಕ್ಕಿನ ಕೊಳವೆಯೊಳಗೆ ಒಂದು ಸರಳು. ಎರಡರ ನಡುವೆ ಬಿಗಿಯಾಗಿ ತುರುಕಿದ ರಬ್ಬರ್ ದಿಂಡುಗಳು. ಸರಳಿನ ತುದಿಯ ತೋಳಿಗೆ ಗಾಲಿ. ರಸ್ತೆಯ ಉಬ್ಬಿಗೆ ಗಾಲಿ ಮೇಲೆದ್ದಾಗ ಸರಳು ತಿರುಗಿ ರಬ್ಬರನ್ನು ಅದುಮುತ್ತದೆ. ರಬ್ಬರ್ ಪೆಟ್ಟನ್ನು ನುಂಗಿಕೊಳ್ಳುತ್ತದೆ.

ಆದರೆ ರಬ್ಬರಿಗೂ ಮುಪ್ಪುಂಟು. ಗಾಡಿ ನಿಂತಲ್ಲೇ ನಿಂತಿದ್ದರೂ ಭಾರ ಹೊತ್ತು ಹೊತ್ತು ಅದು ಗಡುಸಾಗುತ್ತದೆ. ಮೊದಲು ಕೆಳಮುಖವಾಗಿದ್ದ ತೋಳು ಅಡ್ಡಲಾಗಿಯೋ ಮೇಲ್ಮುಖವಾಗಿಯೋ ನಿಂತರೆ ಇರುಸು ಸತ್ತಿತೆಂದೇ ಲೆಕ್ಕ. ಆಮೇಲೆ ಪ್ರತಿ ಪೆಟ್ಟೂ ನೇರ ಮನೆಗೇ ತಟ್ಟಿ ರಿವೆಟ್‌ಗಳು ಸಡಿಲಗೊಳ್ಳುತ್ತವೆ, ಚೌಕಟ್ಟು ಬಿರುಕು ಬಿಡಬಹುದು.

ರಿಪೇರಿಯೆಂದರೆ ಇಡೀ ಇರುಸನ್ನೇ ಬದಲಿಸುವುದು. ಗಾಡಿಯ ತೂಕ, ಅಗಲ, ತೋಳಿನ ಕೋನ ಅಳೆದೇ ಹೊಸದನ್ನು ತರಿಸಬೇಕು. ಭಾರಕ್ಕೆ ಮೀರಿದ ಗಟ್ಟಿ ಇರುಸು ಹಾಕಿದರೆ ಮತ್ತದೇ ಕುಲುಕಾಟ. ಗಾಲಿಯ ಬೋಲ್ಟ್ ತೂತುಗಳೂ ಹೊಂದಬೇಕು. ಮೇಲ್ಮೈ ಸವೆಯದ ಹಳೆಯ ಟಯರ್ ಸಹ ವಯಸ್ಸಾಗಿ ಒಳಗೇ ಬಿರಿದಿರಬಹುದು. ಅದನ್ನೂ ಬದಲಿಸುವುದು ಲೇಸು. ಹೊಸ ಗಾಲಿ ಸ್ವಲ್ಪ ದೂರ ಓಡಿದ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು. ಅಂದಗೊಳಿಸುವ ಕೆಲಸ ಇದೆಲ್ಲ ಮುಗಿದ ಮೇಲೆ.